ಸೊನ್ನೆ ತೋರಿಸಿದ ಟ್ಯೂಬು

ಫೆಬ್ರವರಿ ೩, ಸೋಮವಾರ

ಇವರ ಅಮ್ಮ ಬಂದಿಳಿದರು. ಎರಡು ಚೀಲ, ಒಂದು ದಿಂಬು, ಆಮ್ಲಜನಕ ಕೊಡುವ ಸಣ್ಣ ಯಂತ್ರ, ಮತ್ತೆ ಅವರ ಗಂಟಲು. ಜೀವಮಾನವೆಲ್ಲ ಈಜುಕೊಳದ ಅಂಚಿನಲ್ಲಿ ನಿಂತು ಊರ ಮಕ್ಕಳಿಗೆ ಈಜು ಕಲಿಸಿದ ಗಂಟಲು ಅದು. ನೀರಲ್ಲಿ ಮುಳುಗಿದವರಿಗೂ ಕೇಳಿಸುತ್ತಿತ್ತು ಎಂದು ಇವರು ಹೇಳುತ್ತಾರೆ. ಈಗ ನಾಲ್ಕು ಹೆಜ್ಜೆ ಇಟ್ಟರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಹೋದ ವರ್ಷ ಅವರ ಒಂದು ಮೂತ್ರಪಿಂಡವನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದರು. ಆಮೇಲೆ ಯಕೃತ್ತಿನಲ್ಲಿ ಚುಕ್ಕೆಗಳು ಕಾಣಿಸಿದವು. ಹೊಸ ಬಗೆಯ ಇಂಜೆಕ್ಷನ್ ಶುರುವಾಯಿತು, ಚುಕ್ಕೆಗಳು ಕುಗ್ಗಿದವು, ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಡಿಸೆಂಬರಿನಲ್ಲಿ ಕೆಮ್ಮು ಹತ್ತಿಕೊಂಡಿತು. ಔಷಧದ ಕೆಲಸ ಅತಿಯಾಗಿ ಶ್ವಾಸಕೋಶಕ್ಕೇ ಉರಿಯೂತ ಬಂದಿದೆ ಎಂದು ಇಂಜೆಕ್ಷನ್ ನಿಲ್ಲಿಸಿದರು. ಅವರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಮ್ಮದು ನೆಲಮಹಡಿ. ಬಂದದ್ದು ಅದಕ್ಕೆ. ಪ್ರೀತಿ ಉಕ್ಕಿ ಬಂದದ್ದಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಬಂದು ಒಂದು ಕಾಫಿ ಕುಡಿಯುವಷ್ಟರಲ್ಲಿ ಬಚ್ಚಲಿನ ಟವೆಲ್‌ಗಳ ಜಾಗ ಬದಲಾಗಿತ್ತು. ನಾನು ಅವನ್ನು ಮೊದಲಿನ ಜಾಗಕ್ಕೇ ಹಾಕಿದೆ. ಊಟಕ್ಕೆ ಕೂರುವ ಮುಂಚೆ ಮತ್ತೆ ಬದಲಾಗಿದ್ದವು.

ಇವರು ನಾಡಿದ್ದು ಮತ್ತೆ ಗಾಡಿಯ ಮೇಲೆ ಹೋಗುತ್ತಾರೆ. ರೈಲು ಓಡಿಸುವವರನ್ನು ಕಟ್ಟಿಕೊಂಡರೆ ಹೀಗೆಯೇ. ಮನಸ್ಸಿಗೆ ಬಂದದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಲ್ಯಾಬಿನಲ್ಲಿ ಹೇಳಿದರೆ ಸಂಜೆಯೊಳಗೆ ಇಡೀ ಆಸ್ಪತ್ರೆಗೆ ಗೊತ್ತಾಗಿರುತ್ತದೆ. ಅದಕ್ಕೆ ಇಲ್ಲಿ ಬರೆಯುತ್ತೇನೆ.

ಫೆಬ್ರವರಿ ೪, ಮಂಗಳವಾರ

ಊಟದ ಹೊತ್ತಿಗೆ ಇಂಜೆಕ್ಷನ್ನಿನ ಮಾತು ಬಂತು. "ಅದು ಒಳಗೆ ಹೋಗಿ ಏನು ಮಾಡುತ್ತೆ ಅಂತ ನಮಗೆ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ" ಎಂದರು ಇವರು. ಹೇಳಲು ನಾನಿದ್ದೇನಲ್ಲ.

"ರಕ್ತದಲ್ಲಿ ಕಾವಲು ಕೋಶಗಳು ಇರ್ತವೆ. ಅವುಗಳ ಮೈಮೇಲೆ ಗ್ರಾಹಕ ಅಂತ ಇರುತ್ತೆ" ಎಂದು ಶುರು ಮಾಡಿದೆ.

"ಗ್ರಾಹಕ ಅಂದ್ರೆ ಗಿರಾಕೀನಾ?" ಎಂದರು ಇವರ ಅಮ್ಮ.

"ಅಲ್ಲ, ಒಂದು ಗೂಡು ಅನ್ಕೊಳ್ಳಿ. ಅದರಲ್ಲಿ ಬಂದು ಕೂರೋಕೆ ಬೇರೆ ಕೋಶಗಳ ಮೇಲೆ ಅದರ ಜೊತೆಗಾರ ಇರ್ತಾನೆ. ಲಿಗ್ಯಾಂಡ್ ಅಂತಾರೆ ಅವನನ್ನ. ಅವನು ಬಂದು ಕೂತ ಅಂದ್ರೆ ಕಾವಲಿನ ಕೋಶ 'ಓ, ಇವರು ನಮ್ಮೋರು, ಜಗಳ ಬೇಡ' ಅಂತ ಸುಮ್ನಾಗುತ್ತೆ. ಬ್ರೇಕ್ ಬಿದ್ದ ಹಾಗೆ. ಗಡ್ಡೆ ಏನ್ ಮಾಡುತ್ತೆ ಅಂದ್ರೆ, ಅದೇ ಜೊತೆಗಾರನನ್ನ ತನ್ನ ಮೈಮೇಲೂ ಬೆಳೆಸಿಕೊಂಡು ಕಾವಲಿನವರ ಬ್ರೇಕ್ ಒತ್ತಿಬಿಡುತ್ತೆ."

"ಎಲಾ ಕಳ್ಳ!"

"ನಿಮ್ಮ ಇಂಜೆಕ್ಷನ್ ಮೊದಲೇ ಹೋಗಿ ಆ ಗೂಡಿನಲ್ಲಿ ಕೂತುಬಿಡುತ್ತೆ. ಜೊತೆಗಾರನಿಗೆ ಜಾಗ ಸಿಗಲ್ಲ, ಬ್ರೇಕ್ ಬೀಳಲ್ಲ. ಕಾವಲಿನವರು ಗಡ್ಡೆ ಮೇಲೆ ಬೀಳ್ತಾರೆ. ಒಂದೊಂದ್ಸಲ ಜೋರು ಜಾಸ್ತಿಯಾಗಿ ಶ್ವಾಸಕೋಶದ ಮೇಲೂ ಬೀಳ್ತಾರೆ."

ಇವರು ಊಟ ಮಾಡುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದರು. "ಬ್ರೇಕ್ ತೆಗೆದು ಗಾಡಿ ಬಿಡೋದಾ? ನಮ್ಮಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ಮನೆಗೆ ಕಳಿಸ್ತಾರೆ."

ಇವರ ಅಮ್ಮ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ನಾನು ನೀರು ತಂದೆ, ಯಂತ್ರ ಹಾಕಿದೆ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ಎಷ್ಟಿದೆ ನೋಡಿದೆ. "ಈಗ ಹೇಗಿದೆ?" ಎಂದೆ. "ಚೆನ್ನಾಗಿದೆ" ಎಂದರು.

ಫೆಬ್ರವರಿ ೭, ಶುಕ್ರವಾರ

ಲ್ಯಾಬಿನಲ್ಲಿ ಬಹಳ ದಿನಗಳ ಮೇಲೆ ಒಂದು ಒಳ್ಳೆಯ ದಿನ.

ಕ್ಯಾನ್ಸರ್ ವಿಭಾಗದವರು ಹೊಸದೊಂದು ಅಧ್ಯಯನ ಹಿಡಿದಿದ್ದಾರೆ. ಬೇರೆ ಬೇರೆ ಚಿಕಿತ್ಸೆಯಲ್ಲಿರುವವರ ಕಾವಲು ಕೋಶಗಳ ಮೇಲೆ ಆ ಬ್ರೇಕಿನ ಗ್ರಾಹಕ ಎಷ್ಟಿದೆ ಎಂದು ನಾವು ನೋಡಿ ಹೇಳಬೇಕು. ನಮಗೆ ಇದು ಹೊಸತು, ಇಷ್ಟು ವರ್ಷ ರಕ್ತದ ಕ್ಯಾನ್ಸರಿನ ಬಗೆ ಗುರುತಿಸಿ ಕೊಡುವುದೇ ಕೆಲಸವಾಗಿತ್ತು. ಆದರೆ ವಿದ್ಯೆ ಅದೇ. ಬಣ್ಣ ಕಟ್ಟಿದ ಆ್ಯಂಟಿಬಾಡಿಯನ್ನು ಟ್ಯೂಬಿಗೆ ಹಾಕಿದರೆ ಅದು ತನ್ನ ಗ್ರಾಹಕವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಆಮೇಲೆ ಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದು ಹೋಗುತ್ತವೆ. ಹೊಳೆದರೆ ಗ್ರಾಹಕ ಇದೆ, ಹೊಳೆಯದಿದ್ದರೆ ಇಲ್ಲ. ಹೇಳಿದರೆ ಇಷ್ಟೇ, ಇದರಲ್ಲೇ ನನ್ನ ತಲೆ ಬೆಳ್ಳಗಾಗಿದೆ.

ಟ್ಯೂಬಿನ ಮೇಲೆ ಸಂಖ್ಯೆ ಮಾತ್ರ ಇರುತ್ತದೆ. ಯಾರ ರಕ್ತ, ಯಾವ ಔಷಧ, ಏನೂ ಇರುವುದಿಲ್ಲ. ಆ ನಿಯಮ ತಂದವಳು ನಾನೇ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ.

ಇವತ್ತಿನ ಒಂದು ಟ್ಯೂಬು ಪೂರಾ ಸೊನ್ನೆ. ಪರದೆಯಲ್ಲಿ ಹೊಳೆಯುವ ಭಾಗ ಗುಡಿಸಿಟ್ಟ ಹಾಗಿತ್ತು. ನನ್ನ ಜೊತೆ ಕೆಲಸ ಮಾಡುವ ಟೆಕ್ನಿಷಿಯನ್ ಮೂರು ಮಕ್ಕಳ ತಾಯಿ, ಆದರೂ ಎಲ್ಲಕ್ಕೂ ಮಕ್ಕಳ ಹಾಗೆ ಯಾಕೆ ಯಾಕೆ ಎನ್ನುತ್ತಾಳೆ. ನಾನು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದೇನೆ. "ಯಾಕೆ ಮೇಡಂ ಇದು ಇಷ್ಟು ಕ್ಲೀನಾಗಿದೆ?" ಎಂದಳು.

"ನಮ್ಮ ಕೆಲಸ ಕ್ಲೀನಾಗಿದೆ, ಅದಕ್ಕೆ" ಎಂದೆ. ವರದಿಯಲ್ಲಿ ಬರೆದು ಸಹಿ ಹಾಕಿದೆ: ಗ್ರಾಹಕ ಇಲ್ಲ, ಸಂಶಯಕ್ಕೆ ಎಡೆಯಿಲ್ಲ.

ಫೆಬ್ರವರಿ ೧೨, ಬುಧವಾರ

ನಾನೇನು ಕಲ್ಲಿನ ಜೊತೆ ಬದುಕುತ್ತಿದ್ದೇನೆಯೇ? ನಿದ್ದೆ ಬಂತಾ ಅಂದರೆ ಚೆನ್ನಾಗಿದೆ. ಹಸಿವಿದೆಯಾ ಅಂದರೆ ಚೆನ್ನಾಗಿದೆ. ಉಸಿರು ಹೇಗಿದೆ ಅಂದರೆ, ಎದುರಿಗೇ ಏದುಸಿರು ಬಿಡುತ್ತಾ, ಚೆನ್ನಾಗಿದೆ.

ಬೆಳಿಗ್ಗೆ ಲ್ಯಾಬಿಗೆ ಹೋಗುವ ಮುಂಚೆ ಮಾತ್ರೆ ತೆಗೆದಿಡುತ್ತೇನೆ, ಆಮ್ಲಜನಕ ನೋಡುತ್ತೇನೆ, ಹಾಸಿಗೆ ಬದಲಾಯಿಸುತ್ತೇನೆ. ಸಂಜೆ ಬಂದು ಮತ್ತೆ ಅದೇ. ಒಂದು ದಿನವಾದರೂ ಒಂದು ಮಾತು ಬರಬಾರದೇ? ಮಗ ಫೋನ್ ಮಾಡಿದರೆ ಮಾತ್ರ ಯಾವ ನಿಲ್ದಾಣ, ಊಟ ಏನು, ಚಳಿ ಇದೆಯಾ ಎಂದು ಉಸಿರು ಕಟ್ಟುವ ತನಕ ಮಾತು. ನನ್ನ ಪಾಲಿಗೆ ಅವರ ಒಳಗೆ ಏನೂ ಇಲ್ಲ. ಮದುವೆಯಾದ ಹೊಸತರಲ್ಲಿ ಇದ್ದ ಅನುಮಾನ ಈಗ ಖಾತ್ರಿಯಾಯಿತು. ಬೇಸರವೂ ಇಲ್ಲ, ಗೊತ್ತಾದ ಮೇಲೆ ಒಂದು ಥರ ನಿರಾಳ.

ಫೆಬ್ರವರಿ ೧೬

ಇವತ್ತೂ ಚೆನ್ನಾಗಿದೆಯಂತೆ.

ಫೆಬ್ರವರಿ ೨೦, ಗುರುವಾರ

ಕ್ಯಾನ್ಸರ್ ಡಾಕ್ಟರನ್ನು ನೋಡಲು ನಾನೇ ಕರೆದುಕೊಂಡು ಹೋದೆ. ಆಕೆ ನನಗಿಂತ ಚಿಕ್ಕವರು, ಮಾತು ಮೆತ್ತಗೆ, ನಿರ್ಧಾರ ಗಟ್ಟಿ. ಶ್ವಾಸಕೋಶ ಸುಧಾರಿಸುತ್ತಿದೆ ಎಂದರು. ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡರು.

"ಅಮ್ಮಾ, ಆ ಇಂಜೆಕ್ಷನ್ ಮತ್ತೆ ಕೊಡೋ ಹಾಗಿಲ್ಲ. ಶ್ವಾಸಕೋಶ ತಡೆಯಲ್ಲ. ಇಂಜೆಕ್ಷನ್ ನಿಂತ ಮೇಲೂ ಕೆಲವರಲ್ಲಿ ಅದರ ಕೆಲಸ ಮುಂದುವರಿಯುತ್ತೆ, ಹಾಗಾಗಿ ಏನೂ ಕೊಡದೆ ಕಾದು ನೋಡೋಣ ಅಂತಿದ್ದೆ."

"ನನಗೂ ಅದೇ ಬೇಕು" ಎಂದರು ಇವರ ಅಮ್ಮ ತಕ್ಷಣ. "ಸ್ವಲ್ಪ ದಿನ ಸುಮ್ನೆ ಉಸಿರಾಡ್ಕೊಂಡು ಇರ್ತೀನಿ."

"ಆದರೆ ಹೋದ ಸಲ ಅಧ್ಯಯನಕ್ಕೆ ಅಂತ ನಿಮ್ಮ ರಕ್ತ ತಗೊಂಡಿದ್ವಲ್ಲ, ಅದರ ಲ್ಯಾಬಿನ ವರದಿ ಬಂದಿದೆ. ನಿಮ್ಮ ಕೋಶಗಳ ಮೇಲೆ ಆ ಗ್ರಾಹಕಾನೇ ಈಗ ಇಲ್ಲವಂತೆ. ಅದಿಲ್ಲ ಅಂದ್ರೆ ಔಷಧ ಕೂರೋಕೆ ಜಾಗ ಇಲ್ಲ, ಒಳಗೆ ಏನೂ ಕೆಲಸ ನಡೀತಿಲ್ಲ. ಕಾದ್ರೆ ಕಾಯಿಲೆಗೆ ದಾರಿ ಬಿಟ್ಟುಕೊಟ್ಟ ಹಾಗಾಗುತ್ತೆ. ಬೇರೆ ಮಾತ್ರೆ ಇವತ್ತೇ ಶುರು ಮಾಡೋಣ. ಸ್ವಲ್ಪ ಕಷ್ಟ ಕೊಡುತ್ತೆ ಅದು."

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸಂಶಯಕ್ಕೆ ಎಡೆಯಿಲ್ಲ ಎಂಬ ಮಾತಿನ ಕೆಳಗೆ ನನ್ನ ಸಹಿ. ಆ ಗುಡಿಸಿಟ್ಟಂಥ ಟ್ಯೂಬು ಇವರ ಅಮ್ಮನದು! ವರದಿ ತಪ್ಪಿರಬಹುದು ಎಂದು ಮನಸ್ಸಿಗೇ ಬರಲಿಲ್ಲ. ಇಂಜೆಕ್ಷನ್ ನಿಂತು ಎರಡು ತಿಂಗಳಾಯಿತು, ರಕ್ತದಲ್ಲಿ ಅದು ಇರಲಾರದು ಎಂದು ನಾನೂ ತಲೆಯಾಡಿಸಿದೆ. ಇವರ ಅಮ್ಮನ ಆಸೆಗೆ ಬಾಗಿಲು ಹಾಕಿದ್ದು ನನ್ನ ಕೈ ಎಂದು ಸಂಕಟವಾಯಿತು, ಅಷ್ಟೆ.

ಟ್ಯಾಕ್ಸಿಯಲ್ಲಿ ಅವರು ಕಿಟಕಿಯಿಂದ ಆಚೆ ನೋಡುತ್ತಾ ಕೂತಿದ್ದರು. "ಲ್ಯಾಬಿನವರು ಅಂದ್ರೆ ನಿಮ್ಮೋರೇನಾ?" ಎಂದು ಒಮ್ಮೆ ಕೇಳಿದರು. "ಹೂಂ, ನಮ್ಮದೇ ವಿಭಾಗ" ಎಂದೆ. ಅರ್ಧ ನಿಜ ಹೇಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ ೨, ಭಾನುವಾರ

ಮಾತ್ರೆ ತನ್ನ ಬುದ್ಧಿ ತೋರಿಸಿತು. ಅಂಗೈ, ಅಂಗಾಲು ಕೆಂಪಾಗಿ, ಬಿರಿದು, ಸಿಪ್ಪೆ ಏಳುತ್ತಿವೆ. ಬಾಯಲ್ಲಿ ಹುಣ್ಣು. ಲೋಟ ಹಿಡಿಯಲು ಆಗುವುದಿಲ್ಲ, ಮಣಿಕಟ್ಟಿನ ಮಧ್ಯೆ ಒತ್ತಿ ಹಿಡಿದು ಕುಡಿಯುತ್ತಾರೆ. ಚಪ್ಪಲಿ ಹಾಕಲು ಆಗುವುದಿಲ್ಲ. ಬಚ್ಚಲಿಗೆ ಹೋಗುವಾಗ ಗೋಡೆಗೆ ಮೊಣಕೈ ಕೊಟ್ಟು ಹಿಮ್ಮಡಿಯ ಮೇಲೆ ನಡೆಯುತ್ತಾರೆ.

"ನೋವು ಎಷ್ಟಿದೆ? ಒಂದರಿಂದ ಹತ್ತರೊಳಗೆ ಹೇಳಿ" ಎಂದೆ. "ಚೆನ್ನಾಗಿದೆ" ಎಂದರು. ನನಗೂ ತಾಳ್ಮೆ ಕೆಟ್ಟಿತು. "ಇದಕ್ಕೆ ಚೆನ್ನಾಗಿದೆ ಅಂತ ಯಾರಾದ್ರೂ ಹೇಳ್ತಾರಾ? ನೆಟ್ಟಗೆ ಉತ್ತರ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?"

ಅವರು ನನ್ನನ್ನೇ ನೋಡಿದರು. "ನೀನು ಕೇಳೋ ಪ್ರಶ್ನೆಗೆಲ್ಲ ಉತ್ತರ ನಿನ್ನ ಹತ್ರಾನೇ ಇರುತ್ತೆ ಕಣೇ. ಕ್ಲಿಪ್ ಹಾಕಿ ನೋಡ್ಕೋತೀಯ, ತೂಕ ನೋಡ್ಕೋತೀಯ. ನಾನ್ಯಾಕೆ ಹುಣ್ಣಾದ ಬಾಯಿ ನೋಯಿಸ್ಕೊಳ್ಳಲಿ?"

ಮುಖಕ್ಕೆ ಹೊಡೆದ ಹಾಗಾಯಿತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ. ಆಮೇಲೆ ಅವರಿಗೆ ತಣ್ಣನೆ ಹಾಲು ತೆಗೆದುಕೊಂಡು ಹೋಗಿ ಲೋಟವನ್ನು ನಾನೇ ಹಿಡಿದುಕೊಂಡೆ. ಏನೂ ಕೇಳಲಿಲ್ಲ. ಕುಡಿದರು.

ಮಾರ್ಚ್ ೫, ಬುಧವಾರ

ಇವತ್ತು ಇನ್ನೊಂದು ಟ್ಯೂಬು, ಬೇರೆ ಸಂಖ್ಯೆ, ಅದೇ ಗುಡಿಸಿಟ್ಟ ಸೊನ್ನೆ. ಯಾಕಮ್ಮ ತನ್ನ ಎಂದಿನ ರಾಗ ತೆಗೆದಳು. "ಯಾಕೆ ಮೇಡಂ ಇದೂ ಹಾಗೇ?" ನಮ್ಮ ಕೆಲಸ ಕ್ಲೀನಾಗಿದೆ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.

ಅತ್ತೆಯ ಟ್ಯೂಬುಗಳ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಸಂಖ್ಯೆ ಈಗ ಗೊತ್ತಿದೆಯಲ್ಲ. ಇಂಜೆಕ್ಷನ್ನಿಗೆ ಮುಂಚೆ ತೆಗೆದಿಟ್ಟ ರಕ್ತದಲ್ಲಿ ಗ್ರಾಹ‌ಕ ಧಾರಾಳವಾಗಿದೆ. ಕೆಲವು ಕೋಶಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ, ಕೆಲವುಗಳಲ್ಲಿ ಇಲ್ಲವೇ ಇಲ್ಲ. ಜೀವ ಇರುವುದೇ ಹಾಗೆ, ಗಲೀಜಾಗಿ. ಆಮೇಲಿನದು ಬರೀ ಸೊನ್ನೆ. ಲಕ್ಷಗಟ್ಟಲೆ ಕೋಶಗಳು ಮಾತಾಡಿಕೊಂಡ ಹಾಗೆ ಎಲ್ಲವೂ ಒಂದನ್ನೂ ಉಳಿಸದೆ ಗ್ರಾಹಕ ಕಳಚಿ ಹಾಕುತ್ತವೆಯೇ? ಇಷ್ಟು ಒಪ್ಪವಾಗಿ ಯಾವ ಕೋಶವೂ ಖಾಲಿಯಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಹೊಸಬರಿಗೆ ಹೇಳಿಕೊಡುವವಳೇ ನಾನು.

ನಮ್ಮ ಬಣ್ಣದ ಆ್ಯಂಟಿಬಾಡಿ ಹುಡುಕಿಕೊಂಡು ಹೋದ ಗೂಡಿನಲ್ಲಿ ಆಗಲೇ ಔಷಧ ಕೂತಿದ್ದರೆ? ಕೂರಲು ಜಾಗ ಸಿಗದೆ ಅದು ವಾಪಸ್ಸು ಬಂದಿರುತ್ತದೆ. ನಾವು ಗೂಡೇ ಇಲ್ಲ ಎಂದು ಬರೆದಿರುತ್ತೇವೆ. ಔಷಧದ ಹೆಸರು ಟ್ಯೂಬಿನ ಮೇಲಿದ್ದಿದ್ದರೆ ಅವತ್ತೇ ಹೊಳೆಯುತ್ತಿತ್ತು. ನಾನೇ ತಂದ ನಿಯಮ ನನ್ನ ಕಣ್ಣಿಗೆ ಬಟ್ಟೆ ಕಟ್ಟಿತು. ಇಂಜೆಕ್ಷನ್ ಗೂಡಿನಲ್ಲಿ ಕೂರುತ್ತದೆ ಎಂದು ಊಟದ ಮೇಜಿನಲ್ಲಿ ಪಾಠ ಮಾಡಿದವಳೂ ನಾನೇ!

ಮನೆಗೆ ಬಂದು ಅತ್ತೆಯ ಮುಖ ನೋಡಲು ಆಗಲಿಲ್ಲ. ಹೇಳೋಣವೇ ಎಂದುಕೊಂಡೆ. ಆದರೆ ಇನ್ನೂ ಇದು ಅನುಮಾನ ಮಾತ್ರ.

ಮಾರ್ಚ್ ೬, ಗುರುವಾರ

ಬೆಳಿಗ್ಗೆ ಹೋದವಳೇ ಔಷಧ ಬೆರೆಸುವ ಕೋಣೆಯವರ ಹತ್ತಿರ ಹೋಗಿ ಆ ಇಂಜೆಕ್ಷನ್ನಿನ ಬಾಟಲಿಯ ತಳದಲ್ಲಿ ಉಳಿದದ್ದು ಇದ್ದರೆ ಕೊಡಿ ಎಂದೆ. "ಏನ್ ಮೇಡಂ, ಕುಡಿಯೋಕಾ?" ಎಂದರು ಅವರು. "ನಿಮ್ಮ ಕಾಫಿಗಿಂತ ಚೆನ್ನಾಗಿರುತ್ತೆ, ಕೊಡಿ" ಎಂದೆ. ನಾಲ್ಕು ಹನಿ ಸಿಕ್ಕಿತು. ಸಾಕಿತ್ತು.

ಯಾಕಮ್ಮನ ಮುಂದೆ ತೋಳು ಚಾಚಿ ಕೂತೆ. "ನನ್ನ ರಕ್ತ ತೆಗಿ."

"ಯಾಕೆ ಮೇಡಂ?"

"ನನ್ನ ಮೇಲೆ ನನಗೇ ಅನುಮಾನ ಬಂದಿದೆ, ಅದಕ್ಕೆ."

ಒಂದೇ ರಕ್ತವನ್ನು ಎರಡು ಟ್ಯೂಬು ಮಾಡಿದೆವು. ಒಂದಕ್ಕೆ ಔಷಧದ ಹನಿ ಹಾಕಿ ಬಿಟ್ಟೆವು, ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಆಮೇಲೆ ಎರಡಕ್ಕೂ ನಮ್ಮ ಬಣ್ಣ ಹಾಕಿ ಯಂತ್ರಕ್ಕೆ ಕೊಟ್ಟೆವು. ಔಷಧ ಹಾಕದ ಟ್ಯೂಬಿನಲ್ಲಿ ನನ್ನ ಕೋಶಗಳು ಅಲ್ಲಲ್ಲಿ ಹೊಳೆದವು, ಆರೋಗ್ಯವಂತರಲ್ಲಿ ಇರಬೇಕಾದಷ್ಟು. ಹಾಕಿದ್ದರಲ್ಲಿ ಸೊನ್ನೆ. ಗುಡಿಸಿಟ್ಟ ಸೊನ್ನೆ.

ಕಾಫಿ ಕುಡಿದು ಬರುವಷ್ಟರಲ್ಲಿ ನನ್ನ ಕೋಶಗಳೆಲ್ಲ ಗ್ರಾಹಕ ಕಳೆದುಕೊಂಡವು ಎಂದು ಯಾರಾದರೂ ಹೇಳಿದರೆ ಅವರನ್ನು ಲ್ಯಾಬಿನಿಂದ ಆಚೆ ಹಾಕುತ್ತೇನೆ. ಅಂಥದ್ದನ್ನೇ ನಾನು ಬರೆದು ಸಹಿ ಹಾಕಿದ್ದೇನೆ. ಯಾಕಮ್ಮ ಪರದೆ ನೋಡಿದಳು, ನನ್ನ ಮುಖ ನೋಡಿದಳು. ಈ ಸಲ ಯಾಕೆ ಎನ್ನಲಿಲ್ಲ, ಹೋಗಿ ನೀರು ತಂದುಕೊಟ್ಟಳು.

ಮಾರ್ಚ್ ೭, ಶುಕ್ರವಾರ

ಕ್ಯಾನ್ಸರ್ ಡಾಕ್ಟರಿಗೆ ಎರಡೂ ಚಿತ್ರ ತೋರಿಸಿದೆ. ಆಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಇದನ್ನ ನಂಬಿ ನಾನು ಮಾತ್ರೆ ಬರೆದುಕೊಟ್ಟೆ ಮೇಡಂ" ಎಂದರು ಕೊನೆಗೆ. ಬೈದಿದ್ದರೆ ಹಗುರವಾಗುತ್ತಿತ್ತು. ಸೊನ್ನೆ ಬಂದ ಬೇರೆ ಸಂಖ್ಯೆಗಳನ್ನೂ ಕೊಟ್ಟೆ. ಅವರಲ್ಲಿ ಒಬ್ಬರ ಚಿಕಿತ್ಸೆಯನ್ನು ಮುಂದಿನ ವಾರ ಬದಲಾಯಿಸುವುದರಲ್ಲಿದ್ದರಂತೆ. ನನ್ನ ಎದುರೇ ಫೋನ್ ಮಾಡಿ ತಡೆದರು. ಅದು ಯಾರೆಂದು ನಾನು ಕೇಳಲಿಲ್ಲ.

ಈಗ ಗೊತ್ತಾಗಿರುವುದು ಇಷ್ಟೇ: ಗ್ರಾಹಕ ಇಲ್ಲ ಎನ್ನಲು ಆಧಾರವಿಲ್ಲ. ಅತ್ತೆಯ ಕೋಶಗಳ ಮೇಲೆ ಔಷಧ ಇನ್ನೂ ಕೂತಿದೆಯೋ, ಇಲ್ಲ ನಿಜವಾಗಿಯೇ ಎಲ್ಲ ಖಾಲಿಯೋ, ಅದು ಇನ್ನೂ ಗೊತ್ತಿಲ್ಲ. ಅದನ್ನು ನೋಡಲು ಔಷಧವನ್ನೇ ಹಿಡಿಯುವ ಬೇರೆ ಬಣ್ಣ ಬೇಕು. ಬೇರೆ ಊರಿನ ಒಂದು ಲ್ಯಾಬಿನವರು ಕಳಿಸಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಲು ಡಾಕ್ಟರು ಹೇಳಿದರು. ಔಷಧ ಇದ್ದರೆ ಕಾಯುವುದು, ಇಲ್ಲದಿದ್ದರೆ ಮತ್ತೆ ಮಾತ್ರೆ.

"ಅಮ್ಮನಿಗೆ ನಾನೇ ಹೇಳಲಾ?" ಎಂದರು. "ಬೇಡ. ನಾನು ಹೇಳ್ತೀನಿ" ಎಂದೆ.

ಮಾರ್ಚ್ ೮, ಶನಿವಾರ

ಹೇಳಿದೆ.

ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು, ಅಂಗೈಗಳನ್ನು ಮೇಲ್ಮುಖ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು. ನೆಲದ ಮೇಲೆ ಅವರ ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಆ ಟ್ಯೂಬನ್ನು ಓದಿದ್ದು ನಾನು, ಬರೆದದ್ದು ನಾನು, ಅವತ್ತು ಟ್ಯಾಕ್ಸಿಯಲ್ಲಿ ಅರ್ಧ ಮಾತು ನುಂಗಿದ್ದೂ ನಾನು.

"ಹಾಗಾದ್ರೆ ಈ ಮಾತ್ರೆ ಸುಮ್‌ಸುಮ್ನೆ ನುಂಗಿದ್ನಾ?"

"ಇರಬಹುದು."

"ಇರಬಹುದಾ? ಔಷಧ ಒಳಗೆ ಇದೆಯೋ ಇಲ್ವೋ ಹೇಳು."

"ಗೊತ್ತಿಲ್ಲ ಅತ್ತೆ."

"ಏನಂದೆ?"

"ಗೊತ್ತಿಲ್ಲ ಅಂದೆ. ನೋಡಿದ ಮೇಲೇ ಗೊತ್ತಾಗೋದು."

ಅವರು ಸ್ವಲ್ಪ ಹೊತ್ತು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಆ ಡಾಕ್ಟರಮ್ಮನಿಗೆ ಮನಸ್ಸಲ್ಲೇ ಎಷ್ಟು ಬೈದಿದೀನಿ ಗೊತ್ತಾ? ಪಾಪ. ಅದನ್ನೆಲ್ಲ ವಾಪಸ್ ತಗೊಂಡು ಏನ್ ಮಾಡ್ಲಿ, ನಿನಗೆ ಹಾಕ್ಲಾ?"

"ಹಾಕಿ."

ಹಾಕಿದರು. ಕೊಳದ ಗಂಟಲು ಪೂರ್ತಿ ಬರಲಿಲ್ಲ, ಬಂದಷ್ಟರಲ್ಲೇ ನನ್ನ ಚಳಿ ಬಿಡಿಸಿದರು. ಎಲ್ಲಾ ಬಲ್ಲವಳು, ದೊಡ್ಡ ಯಂತ್ರದವಳು, ಮನುಷ್ಯರನ್ನೂ ಟ್ಯೂಬಿಗೆ ಹಾಕಿ ಅಲ್ಲಾಡಿಸುವವಳು, ಇನ್ನೂ ಏನೇನೋ. ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದರು. ನಾನು ಕಾಯುತ್ತಿದ್ದೆ, ಮತ್ತೆ ಶುರು ಮಾಡುತ್ತಿದ್ದರು. ಸುಸ್ತಾದ ಮೇಲೆ ಒರಗಿಕೊಂಡರು.

"ಎಲ್ಲಾದ್ರೂ ಬೆಳೀತಿದೆಯೇನೋ ಅಂತ ದಿನಾ ಭಯ ಕಣೇ ನನಗೆ. ಬಾಯಿ ಬಿಟ್ಟರೆ ಅದೇ ಆಚೆ ಬರುತ್ತೇನೋ ಅಂತ ಚೆನ್ನಾಗಿದೆ ಚೆನ್ನಾಗಿದೆ ಅಂದ್ಕೊಂಡು ಕೂತಿದ್ದೆ. ಅವನ ಹತ್ರ ಹೇಳಿದ್ರೆ ಗಾಡಿ ಮೇಲೆ ಇದ್ದಾಗ ಯೋಚ್ನೆ ಮಾಡ್ತಾನೆ. ನಿನ್ನ ಹತ್ರ ಹೇಳೋಕೆ, ನೀನೆಲ್ಲಿ ಬಿಡುವಾಗಿರ್ತೀಯ?"

ಅವರ ಪಕ್ಕದಲ್ಲೇ ಕೂತಿದ್ದೆ. ಮಧ್ಯಾಹ್ನದ ಅಡುಗೆ ತಡವಾಯಿತು.

ಮಾರ್ಚ್ ೧೧

ಬಣ್ಣ ಬಂದಿದೆ. ಅತ್ತೆಯ ಬಾಯಿ ಹುಣ್ಣು ಕಡಿಮೆ, ಅಂಗೈ ಇನ್ನೂ ಹಸಿ. ಸಂಜೆ ಇವರು ಬಂದು, "ಟವೆಲ್ ಎಲ್ಲಾ ಈ ಕಡೆ ಯಾಕೆ ಬಂದ್ವು?" ಎಂದರು. ಅಲ್ಲಿದ್ದರೆ ಅತ್ತೆಗೆ ಮೊಣಕೈಯಲ್ಲೇ ಎಳೆದುಕೊಳ್ಳಬಹುದು, ಅದಕ್ಕೆ. ಯಾವಾಗಲೋ ಬಂದವು, ಯಾರು ಹಾಕಿದ್ದು ನೆನಪಿಲ್ಲ.

ಮಾರ್ಚ್ ೧೩, ಗುರುವಾರ

ಇನ್ನು ಮುಂದೆ ಟ್ಯೂಬಿನ ಮೇಲೆ ಔಷಧದ ಹೆಸರೂ ಇರಬೇಕು ಎಂದು ಬೆಳಿಗ್ಗೆ ಆದೇಶ ಹೊರಡಿಸಿದೆ. ಇನ್ನೊಂದನ್ನೂ ಸೇರಿಸಿದೆ: ತಮ್ಮ ಮನೆಯವರ ಟ್ಯೂಬನ್ನು ಯಾರೂ ಓದುವಂತಿಲ್ಲ. ಹಾಗಾಗಿ ಅತ್ತೆಯ ರಕ್ತ ತೆಗೆಸಿ, ಟ್ಯೂಬನ್ನು ಯಾಕಮ್ಮನ ಕೈಗೆ ಕೊಟ್ಟು ಆಚೆ ಬಂದೆ.

ನಮ್ಮ ಲ್ಯಾಬಿನ ಬಾಗಿಲಾಚೆ ರೋಗಿಗಳ ಕಡೆಯವರಿಗೆಂದು ಒಂದು ಸಾಲು ಕುರ್ಚಿ ಹಾಕಿದ್ದಾರೆ. ದಿನಾ ಅವುಗಳ ಮುಂದೆ ಓಡಾಡುತ್ತೇನೆ, ಕೂತದ್ದು ಇವತ್ತೇ. ಬೆನ್ನು ಆನಿಸಲು ಏನೂ ಇಲ್ಲ, ಎದುರಿಗೆ ಬರೀ ಬಿಳಿ ಗೋಡೆ. ಇಂಥ ಕುರ್ಚಿ ಹಾಕಿದವರು ಯಾರಪ್ಪ?

ಅತ್ತೆ ಮೆತ್ತನೆಯ ಕಾಲುಚೀಲ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು. "ನೀನು ಒಳಗೆ ಹೋಗಿ ನೋಡಬಾರದಾ? ನಿನ್ನದೇ ಯಂತ್ರ ತಾನೇ."

"ಬೇಡ ಅತ್ತೆ. ಅವಳು ನೋಡ್ತಾಳೆ. ನಾನು ಇಲ್ಲೇ ಇರ್ತೀನಿ."

"ಭಯ ಆಗ್ತಿದೆಯಾ?"

"ಹೂಂ."

"ನನಗೂ" ಎಂದರು. ಒಳಗೆ ಯಂತ್ರದ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಈಗ ತೊಳೆಯುತ್ತಿದ್ದಾಳೆ, ಈಗ ಬಣ್ಣ ಹಾಕುತ್ತಿದ್ದಾಳೆ, ಈಗ ಕಾಯುತ್ತಿದ್ದಾಳೆ ಎಂದು ನನಗೆ ಒಂದೊಂದೂ ಗೊತ್ತಾಗುತ್ತಿತ್ತು, ಅದರಿಂದ ಏನೂ ಉಪಯೋಗವಾಗಲಿಲ್ಲ. ಹೊರಗೆ ಕೂತವರಿಗೆ ಒಂದು ಟ್ಯೂಬು ಇಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬಾಗಿಲು ತೆಗೆದು ಯಾಕಮ್ಮ ಬಂದಳು. ಕೈಗವಸು ಕೂಡ ಬಿಚ್ಚಿರಲಿಲ್ಲ. ನನ್ನನ್ನು ನೋಡದೆ ನೇರ ಅತ್ತೆಯ ಮುಂದೆ ಬಗ್ಗಿದಳು. "ಇದೆ ಅಮ್ಮ. ಔಷಧ ಇನ್ನೂ ಕೂತಿದೆ, ಮುಕ್ಕಾಲು ಪಾಲು ಕೋಶಗಳ ಮೇಲಿದೆ. ಎರಡೆರಡು ಸಲ ನೋಡಿದೆ. ಡಾಕ್ಟರಿಗೂ ಫೋನ್ ಮಾಡಿದೆ, ಮಾತ್ರೆ ಬೇಡ, ಕಾಯೋಣ ಅಂದ್ರು."

ಅತ್ತೆ ಕಣ್ಣು ಮುಚ್ಚಿದರು. ನಾನು ಯಾಕಮ್ಮನಿಗೆ ಏನೋ ಕೇಳಬೇಕೆಂದು ಬಾಯಿ ತೆರೆದೆ. ಹೋಲಿಕೆಗೆ ಇಟ್ಟ ಟ್ಯೂಬು ಸರಿಯಾಗಿ ಬಂತಾ ಎಂದೋ ಏನೋ. ಮಾತು ಬರಲಿಲ್ಲ, ಅಳು ಬಂತು. ಓಡಾಡುವವರೆಲ್ಲ ನೋಡುವ ಹಾಗೆ, ಬಿಳಿ ಕೋಟು ಹಾಕಿಕೊಂಡು, ಆ ದರಿದ್ರ ಕುರ್ಚಿಯ ಮೇಲೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಪಾಪ, ತುಂಬಾ ಹೆದರಿಬಿಟ್ಟಿದ್ಲು" ಎಂದು ಅತ್ತೆ ಯಾಕಮ್ಮನಿಗೆ ಹೇಳುವುದು ಕೇಳಿಸಿತು. ಸಿಪ್ಪೆ ಎದ್ದ ಅಂಗೈಯಿಂದ ನನ್ನ ಬೆನ್ನು ಸವರತೊಡಗಿದರು.

"ಕೈ ತೆಗೀರಿ ಅತ್ತೆ, ನೋಯುತ್ತೆ ನಿಮಗೆ" ಎಂದೆ.

"ನೋಯುತ್ತೆ ಕಣೇ. ತುಂಬಾ ನೋಯುತ್ತೆ" ಎಂದರು. ಕೈ ಮಾತ್ರ ತೆಗೆಯಲಿಲ್ಲ.